ಪಾಪರ್ ಅಲ್ಲ, ನಾದಾರ

ಮನುಷ್ಯನಿಗೆ ಕೊನೆಯವರೆಗೂ ಉಳಿಯುವ ಆಸ್ತಿಯೆಂದರೆ ಮರ್ಯಾದೆಯೊಂದೇ ಎಂದು ಬಲ್ಲವರು ಹೇಳುತ್ತಾರೆ. ಅದನ್ನು ಒತ್ತೆ ಇಟ್ಟುಕೊಂಡು ಹತ್ತು ರೂಪಾಯಿ ಕೊಡುವ ಬ್ಯಾಂಕು ಮಾತ್ರ ಬೆಳಗಾವಿಯಲ್ಲಿ ಇನ್ನೂ ತೆರೆದಿಲ್ಲ.

ನಮ್ಮ ಅನಗೋಳದ ಓಣಿಯ ಸಿದ್ದಪ್ಪ ಕಾಕಾ ಆ ಆಸ್ತಿಯನ್ನು ಕಂಡಕಂಡವರಿಗೆಲ್ಲ ಹಂಚುತ್ತಿದ್ದರು. ಉದ್ಯಮಬಾಗದಲ್ಲಿ ಅವರದೊಂದು ಸಣ್ಣ ಫೌಂಡ್ರಿ. ಪಂಪಿನ ಬಿಡಿಭಾಗಗಳ ಎರಕ ಹೊಯ್ಯುತ್ತಿದ್ದರು. ಬಿರುಕು ಬಿಟ್ಟ ತುಂಡನ್ನು ಉಳಿದವರು ‘ರಿಜೆಕ್ಟ್’ ಎಂದು ಎಸೆದರೆ, ಕಾಕಾ ಅದರ ಬೆನ್ನು ಸವರಿ, “ಇಂವಗ ಆರಾಮಿಲ್ಲ. ಬಾಜೂಕ ಕುಂದರ್ಸರಿ” ಎನ್ನುತ್ತಿದ್ದರು. ಮುಂದೆ ಫೌಂಡ್ರಿಗೇ ಆರಾಮ ತಪ್ಪಿತು. ಸಾಲ ವಸೂಲಿಯವರು ಮನೆಗೆ ಬಂದರೆ ಒಳಗೆ ಕೂಗುತ್ತಿದ್ದರು: “ಪಾವಣ್ಯಾರು ಬಂದಾರ, ಚಹಾ ಇಡ.” ಪಾವಣ್ಯಾರು ಎಂದರೆ ನೆಂಟರು. ಅಂಥ ನೆಂಟನೊಬ್ಬ ಖಾರಿ ಬಿಸ್ಕೀಟನ್ನು ಚಹಾದಲ್ಲಿ ಅದ್ದಿ ತಿನ್ನುತ್ತಲೇ, ಕಾಕಾರ ಹೆಂಡತಿ ಕಾಕೂನ ಎದುರಿಗೆ, “ನಾಚಿಕಿ ಐತೇನೋ ನಿನಗ?” ಎಂದು ಕೇಳಿದ. ಕಾಕಾ ಅವನ ಮುಂದೆ ಇನ್ನೊಂದು ಖಾರಿ ಇಟ್ಟರು. ನಾನು ಹೇಸಿಕೊಂಡು ಎದ್ದು ಬಂದೆ. ಖಾರಿ ಇಂದಿಗೂ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಕೋರ್ಟಿಗೆ ದಿವಾಳಿ ಅರ್ಜಿ ಹಾಕಿರೆಂದು ನಾನೇ ಹೇಳಿದೆ. ಅವರ ಮುಖ ಕಪ್ಪಿಟ್ಟಿತು.

“ಪಾಪರ್ ಆಗಂತೀಯೇನೋ ತಮ್ಮಾ? ಆ ಶಬ್ದ ಕೇಳಿದ್ರ ಹಲ್ಲ ಜುಮ್ ಅಂತಾವ.”

ಹೇಗೋ ಒಪ್ಪಿಸಿ ಜಮಾದಾರ ವಕೀಲರ ಬಳಿಗೆ ಕರೆದೊಯ್ದೆ. ಅವರು ಬಿಡಿಸಿ ಹೇಳಿದರು: “ಕಾಕಾ, ಮನಿ ಹ್ಯಾಂಗೂ ಉಳಿಯೂದಿಲ್ಲ. ಅರ್ಜಿ ಹಾಕಿದ್ರ ಕೋರ್ಟ ಮನಿ ಮಾರಿ ಸಾಲದವ್ರಿಗೆ ಹಂಚತೈತಿ, ಬಾಕಿ ಸಾಲದಿಂದ ನಿಮಗ ಬಿಡುಗಡಿ ಸಿಗತೈತಿ. ಹಾಕ್ಲಿಲ್ಲಂದ್ರ ಮನೀನೂ ಹೋಗತೈತಿ, ಸಾಲಾನೂ ಬೆನ್ನ ಬಿಡೂದಿಲ್ಲ.”

“ಮಂದಿ ಪಾಪರ್ ಅಂತಾರಲ್ರಿ?”

“ಹಳೇ ಕಾಗದದಾಗ ‘ನಾದಾರ’ ಅಂತ ಬರೀತಿದ್ರು. ಹಂಗ ಅನ್ಕೋರಿ.”

ಕಾಕಾ ಕುರ್ಚಿಯಲ್ಲಿ ನೆಟ್ಟಗಾದರು. “ನಾದಾರ! ಇನಾಮದಾರ, ಕಿಲ್ಲೇದಾರ, ನಾದಾರ. ನೀವು ಜಮಾದಾರ, ನಾವು ನಾದಾರ. ಇದ ಚಲೋ ಐತಲ್ರಿ!”

ವಕೀಲರು ನಗು ತಡೆಯಲು ಪೆನ್ನು ಕಚ್ಚಿದರು. ಲೋಕಕಲ್ಯಾಣಾರ್ಥವಾಗಿ ನಾನೂ ಅರ್ಥ ಬಿಡಿಸಲು ಹೋಗಲಿಲ್ಲ. ಅರ್ಜಿ ತಯಾರಾಯಿತು, ಸಹಿಯೊಂದೇ ಬಾಕಿ. ಕಾಕಾ ಹೊಸ ಪದವಿ ಸಿಕ್ಕ ಅಧಿಕಾರಿಯಂತೆ ಓಣಿಯಲ್ಲಿ ಓಡಾಡಿದರು.

ಆ ಹುರುಪಿನಲ್ಲೇ ನನ್ನನ್ನೂ ಕರೆದುಕೊಂಡು ಖಾನಾಪುರಕ್ಕೆ ಹೋಗಿ, ಹೆಂಡತಿಯ ತಮ್ಮ ರಾವಸಾಹೇಬನಿಗೆ ಸುದ್ದಿ ಮುಟ್ಟಿಸಿದರು. ರಾವಸಾಹೇಬ ಮರಾಠಿ ಶಾಲೆಯಲ್ಲಿ ಕಲಿತವನು. ಸಾಲದ್ದಕ್ಕೆ ಊರಿನ ಸೊಸೈಟಿಯ ಚುನಾವಣೆಗೆ ನಿಂತಿದ್ದ. ಎಲೆಯಡಿಕೆ ಉಗುಳಿ ಬಂದು ಅಕ್ಕನ ಗಂಡನೆದುರು ಕುಳಿತ.

“ದಾಜಿ, ನಾದಾರ ಅಂದ್ರ ಕೈಯಾಗ ಏನೂ ಇಲ್ಲದಾಂವ. ಪಾಪರ್‌ನ ತಲೀಗೆ ರುಮಾಲ ಸುತ್ಯಾರ, ಅಷ್ಟ. ಅಕ್ಕನ ಗಂಡ ನಾದಾರ ಅಂದ್ರ ನನಗ ಯಾರ ವೋಟ ಹಾಕ್ತಾರ?”

ಕಾಕಾ ನನ್ನತ್ತ ತಿರುಗಿದರು. “ಖರೇ ಏನೋ?”

“ಶಬ್ದ ಯಾವದಾದ್ರೇನ್ರಿ ಕಾಕಾ, ಸಾಲ ಹರೀತೈತಲ್ರಿ” ಎಂದೆ.

ರಾವಸಾಹೇಬ ಎದೆ ತಟ್ಟಿಕೊಂಡ. “ನಾ ಅದೀನ್ರಿ ದಾಜಿ. ಕೋರ್ಟಿನ ಪಾವಟಗಿ ಹತ್ತಬ್ಯಾಡ್ರಿ. ಮನಿ ನಾನ ತಗೋತೀನಿ. ಮನಿತನದ ಮರ್ಯಾದಿ ಮನಿತನದಾಗ ಉಳೀಲಿ.”

ಬೆಲೆಯನ್ನೂ ಅವನೇ ಹೇಳಿದ. ಆ ಬೆಲೆಗೆ ಅನಗೋಳದಲ್ಲಿ ಎಮ್ಮೆ ಕಟ್ಟುವ ಜಾಗವೂ ಸಿಗುವುದಿಲ್ಲ. ಕಾಕಾ ಕಣ್ಣೊರೆಸಿಕೊಂಡು, “ನಮ್ಮ ಸಲುವಾಗಿ ಭಾಳ ತ್ರಾಸ ತಗೊಂಡ್ಯೋ” ಎಂದರು. ಅವನು ಬೇಡವೆನ್ನಲಿಲ್ಲ, ನಾಚಲಿಲ್ಲ. ತ್ರಾಸಾದದ್ದು ನಿಜವೆಂಬಂತೆ ಉಸಿರುಬಿಟ್ಟ.

ಕೊನೆಯ ಸಲ ಕಾಕಾ ಕಂಡದ್ದು ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನ ಬಸ್ ನಿಲ್ದಾಣದಲ್ಲಿ. ಆ ಊರಲ್ಲಿ ಬಾಡಿಗೆ ಕೋಣೆ ಹಿಡಿದಿದ್ದರು. ಕಿಸೆಯಲ್ಲಿ ಮೊಬೈಲು ಒಂದೇ ಸಮ ಒದರುತ್ತಿತ್ತು.

“ಎತ್ತೂದಿಲ್ಲೇನ್ರಿ ಕಾಕಾ?”

“ಎತ್ತಿದ್ರ ಬೈತಾರಪಾ. ಅವರ ಬಾಯಿ ಯಾಕ ಹೊಲಸ ಮಾಡಸೂಣು?”

ಮುಂದಿನ ಚಳಿಗಾಲದಲ್ಲಿ ತೀರಿಕೊಂಡರು. ಮನೆ ರಾವಸಾಹೇಬನ ಹೆಸರಿಗಾಗಿತ್ತು, ಬಂದ ಹಣದಲ್ಲಿ ಅರ್ಧ ಸಾಲವೂ ಹರಿದಿರಲಿಲ್ಲ. ಅರ್ಜಿಗೆ ಕಾಕಾ ಸಹಿ ಮಾಡಲಿಲ್ಲ.