ಅಜ್ಜಂಪುರದ ಗಿರಣಿಯಲ್ಲಿ ಹೊದಿಸಿದ ಶಾಲು

ಕಡೂರಿನ ರೈಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಕಿಟಕಿಯಿಂದ ಕಲ್ಲಿದ್ದಲ ಪುಡಿ ಹಾರಿ ಬರುತ್ತಿದೆ. ಅಕ್ಕ ನಿಶ್ಚಿಂತೆಯಿಂದ ಕಡಲೆಕಾಯಿ ಬಿಡಿಸುತ್ತಿದ್ದಾಳೆ. ಒಂದು ಗಿರಣಿ ನೋಡಿಕೊಂಡು ಬರುತ್ತಿದ್ದೇವೆ.

ಜನ ಬಂದು ನೋಡಲೆಂದು ಅಜ್ಜಂಪುರದಲ್ಲಿ ದುರಸ್ತಿ ಮಾಡಿಸಿಟ್ಟ ಹಳೆಯ ಅಕ್ಕಿ ಗಿರಣಿ ಅದು. ಗಿರಣಿ ಯಜಮಾನರ ಹೆಂಡತಿ ಬಾಗಿಲಲ್ಲೇ ಕುಂಕುಮ ಕೊಟ್ಟು ನಮಗೆ ಶಾಲು ಹೊದಿಸಿದರು. ಓಡುವ ಗಿರಣಿಯೊಳಗೆ ಶಾಲಿನ ಮರ್ಯಾದೆ! ಅಕ್ಕನದು ಜಾರುತ್ತಲೇ ಇತ್ತು.

“ಪಿನ್ ಹಾಕ್ಕೋ ಅಕ್ಕಾ” ಎಂದು ನನ್ನ ಬಳೆಗೆ ಸಿಕ್ಕಿಸಿದ್ದ ಪಿನ್ನು ಕೊಡಹೋದೆ.

“ಬಿಡೇ, ನಾನೇನು ಮದುಮಗಳಾ?” ಎಂದಳು.

ಎಂಜಿನ್ ಶುರುವಾಯಿತು. ಚಕ್ರ ನೋಡಲು ಅಕ್ಕ ಬಗ್ಗಿದಳು. ಬೆಲ್ಟು ಶಾಲಿನ ತುದಿಯನ್ನು ಹಿಡಿಯಿತು. ನಾನು ಕಿರುಚುವಷ್ಟರಲ್ಲಿ ಶಾಲು ಹೆಗಲಿಂದ ಜಾರಿ ಚಕ್ರಕ್ಕೆ ಸುತ್ತಿಕೊಂಡಿತ್ತು. ಪಿನ್ನು ಹಾಕಿದ್ದರೆ ಅವಳೂ ಅದರ ಜೊತೆಗೇ ಹೋಗುತ್ತಿದ್ದಳು.

ಯಜಮಾನರು ಎಂಜಿನ್ ನಿಲ್ಲಿಸಿ ಓಡಿಬಂದರು. “ಏನೂ ಆಗ್ಲಿಲ್ಲ ತಾನೇ ತಾಯಿ?” ಎಂದವರೇ ಹೆಂಡತಿಯತ್ತ ತಿರುಗಿ, “ಲೇ, ಇನ್ನೊಂದು ಶಾಲು ತಗಂಬಾರೇ!” ಎಂದು ಕೂಗಿದರು.

ಈಗ ಅಕ್ಕನ ಸೆರಗು ಗಾಳಿಗೆ ಹಾರುತ್ತಿದೆ. “ಆ ಪಿನ್ ಕೊಡೇ, ನಿಲ್ತಾನೇ ಇಲ್ಲ ಇದು.”

“ಎಲ್ಲೋ ಬಿದ್ದೋಯ್ತು ಕಣಕ್ಕಾ” ಎಂದು ಬಳೆಯ ಕೈಯನ್ನು ಮಡಿಲಲ್ಲಿ ಅಡಗಿಸಿಕೊಂಡೆ.