ನಾಲ್ಕನೇ ಜ್ವರ

ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ನಾನು ತೂಗಿ ಮುಗಿಸಿರುತ್ತೇನೆ. ಕುದೇರಿನ ಗಂಗಾಂಬಿಕೆಯನ್ನು ಮೊದಲ ಸಲ ತೂಗಿದ್ದು ಹೀಗೆ: ವಯಸ್ಸು ಐವತ್ತರ ಆಸುಪಾಸು, ಸವೆತ ಕಡಿಮೆ. ಆಳು ಕುಳ್ಳು, ದನಿ ಎತ್ತರ. ಬೆರಳಿಗೆ ಹಿಪ್ಪುನೇರಳೆ ಸೊಪ್ಪಿನ ಕರೆ ಹತ್ತಿದೆ, ಸೋಪಿಗೆ ಹೋಗುವ ಪೈಕಿ ಅಲ್ಲ. ಕೈಯಲ್ಲಿರುವ ಚೀಲ ದೊಡ್ಡದು. ಅಂದರೆ ಕೊಳ್ಳುವುದು ಕಡಿಮೆ, ಕೊಸರು ಕೇಳುವುದು ಹೆಚ್ಚು. ಸಾಲ ಹೇಳುವ ಮುಖವಲ್ಲ. ಲಾಭ ಬಿಟ್ಟುಹೋಗುವ ಮುಖವಂತೂ ಅಲ್ಲವೇ ಅಲ್ಲ.

ಅಂದಾಜು ತಪ್ಪಲಿಲ್ಲ. ಚಾಮರಾಜನಗರದಲ್ಲಿ ನನ್ನದು ರೇಷ್ಮೆ ಸಾಕುವವರ ಸಾಮಾನಿನ ಅಂಗಡಿ. ಸುಣ್ಣದ ಪುಡಿ ಕೊಂಡರೆ ಅವಳಿಗೆ ಮೇಲೊಂದು ಹಳೆ ಪೇಪರಿನ ಕಟ್ಟು ಕೊಸರು ಬೇಕು. ಪೇಪರ್ ಕೊಂಡರೆ ದಾರದ ಉಂಡೆ.

"ಕೊಸ್ರು ಕೊಡ್ದೆ ಕಳ್ಸುದ್ರೆ ನಿಮ್ಮಂಗ್ಡೀಲಿ ಲಕ್ಷ್ಮಿ ನಿಲ್ಲಲ್ಲ ಕಣಣ್ಣ."

"ನಿಂಗೆ ಕೊಟ್ಟು ಕೊಟ್ಟು ಲಕ್ಷ್ಮಿ ಆಗ್ಲೇ ಕುದೇರು ಬಸ್ಸತ್ತವ್ಳೆ ಕಣವ್ವ."

"ಅಂಗಾರೆ ನಮ್ಮನೇಲಿ ಕಾಣ್ಬೇಕಾಗಿತ್ತಲ್ಲ? ಉಳ ಬುಟ್ರೆ ಇನ್ಯಾರೂ ಕಾಣ್ನಿಲ್ಲ."

ಹವಾಮಾನ ಬದಲಾಗಿದೆ ಎಂಬ ಮಾತು ಟೀವಿಗೆ ಬರುವ ಮೊದಲೇ ನನ್ನ ಅಂಗಡಿಯ ಅಟ್ಟಕ್ಕೆ ಬಂದಿತ್ತು. ಹಿಂದೆ ಪುಷ್ಯ ಮಾಸದ ಚಳಿಗೆ ಹುಳುವಿನ ಮನೆ ಕಾಯಿಸಲು ಇದ್ದಿಲ ಒಲೆ ಮಾರುತ್ತಿದ್ದೆ. ಈಗ ಆ ಒಲೆಗಳು ಅಟ್ಟದಲ್ಲಿ ತುಕ್ಕು ಹಿಡಿಯುತ್ತಿವೆ. ಕೆಳಗೆ ಗೋಣಿತಾಟು, ನೆರಳುಬಲೆ, ಫ್ಯಾನು ತುಂಬಿವೆ. ರೇಷ್ಮೆಹುಳು ನಾಜೂಕು ಜೀವ. ಸೆಕೆ ಜಾಸ್ತಿಯಾದರೆ ಸಪ್ಪೆ ರೋಗ ಬಂದು ಜೋತುಬಿದ್ದು ಸಾಯುತ್ತದೆ. ಬಿಸಿಲು ಏರಿದಷ್ಟೂ ನನಗೆ ವ್ಯಾಪಾರ. ಬಿಸಿಲಿಗೆ ಕೈಮುಗಿಯುವ ಮನುಷ್ಯ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಗಂಗಾಂಬಿಕೆಯದು ಹಳೆಯ ನಾಡಹೆಂಚಿನ ಮನೆ. ಅದರ ಎದುರಿಗೆ ಹುಳುವಿಗೆಂದೇ ಶೀಟಿನ ಶೆಡ್ಡು ಕಟ್ಟಿಸಿದ್ದಳು. ಕೆಲವು ವರ್ಷ ಎಲ್ಲ ಚೆನ್ನಾಗಿತ್ತು. ಆಮೇಲೆ ಬೇಸಿಗೆಯಲ್ಲಿ ಆ ಶೆಡ್ಡು ಕಾದ ಕಾವಲಿಯಾಗತೊಡಗಿತು. ಒಂದು ಬೆಳೆ ಹುಳು ಅಷ್ಟೂ ತಿಪ್ಪೆಗೆ ಹೋಯಿತು. ಮರುವರ್ಷ ಅವಳು ಅದಲುಬದಲು ಮಾಡಿದಳು. ಯುಗಾದಿ ಕಳೆದದ್ದೇ ಹುಳುವಿನ ತಟ್ಟೆಗಳು ತಣ್ಣನೆಯ ಹೆಂಚಿನ ಮನೆಗೆ ಹೋದವು, ಗಂಡ ಹೆಂಡತಿ ಪಾತ್ರೆ ಹಾಸಿಗೆ ಸಮೇತ ಶೆಡ್ಡಿಗೆ ಬಂದರು.

"ಬಾಡ್ಗೆ ಎಷ್ಟು ಕೊಡ್ತವೆ ಉಳ?" ಎಂದು ಕೇಳಿದ್ದೆ.

"ಗೂಡು ಕಟ್ಟಿ ಕೊಡ್ತವಲ್ಲಣ್ಣ. ಮನ್ಸ ಆದೋನು ಅಷ್ಟೂ ಕೊಡಾಕಿಲ್ಲ," ಎಂದು ಪಕ್ಕದಲ್ಲಿದ್ದ ಗಂಡನ ಕಡೆ ನೋಡಿದ್ದಳು. ಗಂಡ ಗುರುಪಾದಸ್ವಾಮಿಗೆ ಕಿವಿ ಮಂದ. ಬೇಕಾದಾಗ ಇನ್ನೂ ಮಂದ.

"ಬ್ಯಾಸ್ಗೆ ಬೆಳೆ ಒಂದು ಬುಟ್ಬುಡವ್ವ. ಆ ಶೆಡ್ಡಲ್ಲಿ ನೀವೇ ಬೆಂದೋಗ್ತೀರಿ," ಎಂದೆ. ಗೋಣಿತಾಟು ಮಾರುತ್ತಲೇ ಹೇಳಿದೆ. ವ್ಯಾಪಾರಿಯ ಬುದ್ಧಿವಾದಕ್ಕೆ ಇರುವ ಬೆಲೆ ಅಷ್ಟೇ.

"ಚಳೀಲಿ ಸುಣ್ಣಕಟ್ಟು ರೋಗ, ಮಳೇಲಿ ಹಾಲು ರೋಗ, ಬಿಸ್ಲಲ್ಲಿ ಸಪ್ಪೆ. ಮೊದ್ಲು ಒಂದೊಂದ್ಕೂ ಒಂದು ಕಾಲ ಅಂತಿತ್ತು. ಈಗ ಎಲ್ಲ ಕಾಲ್ದಲ್ಲೂ ಎಲ್ಲ ಬತ್ತವೆ. ಬುಡೋದಾದ್ರೆ ಯಾವ ಬೆಳೆ ಬುಡ್ಲಿ, ನೀವೇ ಯೋಳಿ."

ತಾಟು ಅಳೆದು ಕೊಟ್ಟೆ. ಒಂದು ಗೇಣು ಕೊಸರು ಎಳೆದುಕೊಂಡಳು.

ಎರಡು ಸಾವಿರದ ಇಪ್ಪತ್ತನಾಲ್ಕರ ಏಪ್ರಿಲ್. ಭರಣಿ ಮಳೆ ಬರುವ ದಿನಗಳು ಬಂದವು, ಮಳೆ ಬರಲಿಲ್ಲ. ಗಂಗಾಂಬಿಕೆಯ ಮಗಳು ನಯನಾಳನ್ನು ಗುಂಡ್ಲುಪೇಟೆಯ ಆಚೆ ಭೀಮನಬೀಡಿಗೆ ಕೊಟ್ಟಿದ್ದರು. "ಇಲ್ಲಿ ವಸಿ ತಂಪದೆ, ಬಂದ್ಬುಡವ್ವ" ಎಂದು ಅವಳು ದಿನಾ ಫೋನು ಮಾಡುತ್ತಿದ್ದಳಂತೆ. ಅಲ್ಲೂ ಕೆರೆ ಒಣಗಿ ಒಡೆದ ಹಪ್ಪಳದಂತಾಗಿ, ಬಂಡೀಪುರದ ಕಡೆಯಿಂದ ಬಂದ ಆನೆಗಳು ತೋಟದ ತೊಟ್ಟಿಗೇ ಬಾಯಿ ಹಾಕುತ್ತಿದ್ದವು. ಮೇಲಾಗಿ ಗಂಗಾಂಬಿಕೆಯ ಮನೆ ತುಂಬ ಹುಳು. ಈ ಬೆಳೆಯನ್ನು ಗೂಡಿಗೆ ಮುಟ್ಟಿಸಲೇಬೇಕು ಎಂದು ಸೊಂಟ ಕಟ್ಟಿದ್ದಳು. ಕರೆಂಟು ಹೋದರೆ ಫ್ಯಾನು ನಿಲ್ಲುತ್ತದೆ. ಆಗೆಲ್ಲ ಬಾವಿಯಿಂದ ನೀರು ಹೊತ್ತು ಕಿಟಕಿಯ ತಾಟು ನೆನೆಸುವುದು, ಅದು ಒಣಗುವಷ್ಟರಲ್ಲಿ ಮತ್ತೆ ಹೊರುವುದು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿಕೊಂಡು, ಒಂದು ದಿನ ಕಲ್ಲಿನಂತೆ ಕೂತುಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಜ್ವರದ ಹುಳುವಿಗೆ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು, ಹತ್ತಿರ ಸುಳಿಯಬಾರದು. ರೈತನಿಗೆ ಅದೊಂದು ರಜಾ ದಿನ.

ಅಂಥ ಒಂದು ಮಧ್ಯಾಹ್ನ ಗುರುಪಾದಸ್ವಾಮಿ ನನ್ನ ಅಂಗಡಿಯಲ್ಲಿ ಕೂತಿದ್ದ. ಹೆಂಡತಿಯ ಫೋನು ಬಂತು. ಅವನದು ಯಾವಾಗಲೂ ಸ್ಪೀಕರಿನಲ್ಲೇ ಮಾತು, ಬೀದಿಗೆಲ್ಲ ಕೇಳಬೇಕು.

"ಜ್ವರ ಬಂದದೆ ಕಣ್ರೀ. ಬ್ಯಾಗ್ನೆ ಬನ್ನಿ."

"ಗೊತ್ತು ಬುಡು. ನಾಲ್ಕನೇ ಜ್ವರಕ್ಕೆ ಇವತ್ತು ಕೂರ್ಬೇಕಾಗಿತ್ತು, ಕೂತವೆ. ಮುಟ್ಬ್ಯಾಡ, ಸೊಪ್ಪಾಕ್ಬ್ಯಾಡ. ನೀನೂ ವಸಿ ಮನೀಕೊ."

"ಮನೀಕಂಡಿವ್ನಿ," ಎಂದಳು. ಫೋನು ನಿಂತಿತು.

ನನಗೂ ಅದು ಹುಳುವಿನ ಜ್ವರವೆಂದೇ ಕೇಳಿಸಿತು. ಈ ಕಸುಬಿನಲ್ಲಿ ಯಾರಿಗೇ ಆದರೂ ಹಾಗೇ ಕೇಳಿಸುತ್ತಿತ್ತು. ಒಂದು ಮಾತ್ರ ನೆನಪಿದೆ. ಗಂಡ ಒಬ್ಬನೇ ಬಂದಾಗಲೆಲ್ಲ ಫೋನಿನಲ್ಲೇ ನನ್ನನ್ನು ಕೂಗಿ ಕೊಸರು ಕೇಳುವವಳು ಅವತ್ತು ಕೇಳಲಿಲ್ಲ. ಸದ್ಯ ಉಳಿಯಿತು ಎಂದುಕೊಂಡೆ.

ಆತುರವಿಲ್ಲದ ಗಂಡ ಕಾಫಿ ಕುಡಿದು, ಕ್ಷೌರ ಮಾಡಿಸಿಕೊಂಡು, ಬಿಸಿಲು ಇಳಿದ ಮೇಲೆ ಊರಿಗೆ ಹೋದ. ಹೆಂಚಿನ ಮನೆಯೊಳಗೆ ಹುಳುಗಳು ತಲೆ ಎತ್ತಿ ತಣ್ಣಗೆ ಕೂತಿದ್ದವು. ಅವುಗಳ ನಿದ್ದೆ ಕೆಡಬಾರದೆಂದು ಗಂಗಾಂಬಿಕೆ ಶೆಡ್ಡಿನಲ್ಲಿ ಮಲಗಿದ್ದಳು. ಮೈ ಕೆಂಡ, ಬೆವರಿಲ್ಲ, ಕರೆದರೆ ಓ ಎನ್ನಲಿಲ್ಲ. ಆಟೋದಲ್ಲಿ ಹಾಕಿಕೊಂಡು ಹೊರಟರು. ಆಸ್ಪತ್ರೆ ತಲುಪಿದಾಗ ಜೀವ ಇರಲಿಲ್ಲ. ಬಿಸಿಲಿನ ಹೊಡೆತ ಎಂದರಂತೆ ಡಾಕ್ಟರು, ಶೆಡ್ಡಿನ ಒಳಗೆ ಮಲಗಿದ್ದವಳಿಗೆ.

ಮಾರನೆಯ ಬೆಳಿಗ್ಗೆ ಪಕ್ಕದ ಪೂಜೆ ಸಾಮಾನಿನ ಗ್ರಂಥಿಗೆ ಅಂಗಡಿಯಲ್ಲಿ ಒಂದು ಕಟ್ಟು ಊದುಗಡ್ಡಿ ಕೊಂಡು ಕುದೇರಿಗೆ ಹೋದೆ. ಸತ್ತವರನ್ನು ನಡುಮನೆಯ ಗೋಡೆಗೆ ಒರಗಿಸಿ ಕೂರಿಸುವುದು ನಮ್ಮಲ್ಲಿ ಪದ್ಧತಿ. ನಡುಮನೆಯಲ್ಲಿ ಹುಳು ಇತ್ತು. ಅಂಗಳದ ಬೇವಿನ ಮರಕ್ಕೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಬೆರಳಲ್ಲಿ ಅದೇ ಕರೆ.

"ಮನೇನೆಲ್ಲ ಉಳಕ್ಕೆ ಕೊಟ್ಬುಟ್ಟು ಬೀದೀಲಿ ಕೂತವ್ಳೆ ನೋಡಿ ನಮ್ಮವ್ವ!" ನೆರೆಮನೆಯ ಮಂಗಮ್ಮ ಎದೆ ಬಡಿದುಕೊಂಡು ಅಳುತ್ತಿದ್ದಳು.

ಕಾರ್ಯ ಮಾಡಿಸಲು ಬಂದ ಅಯ್ನೋರು ಗುರುಮಲ್ಲಯ್ಯ, "ಊದ್ಗಡ್ಡಿ ಅಚ್ಚಿ" ಎಂದರು. ನಾನು ಕಟ್ಟು ಬಿಚ್ಚಿದೆ.

"ಬ್ಯಾಡಿ ಅಯ್ನೋರೆ," ಎಂದ ಗುರುಪಾದಸ್ವಾಮಿ. "ಹೊಗೆ ನುಗ್ಗುದ್ರೆ ಉಳ ಸಾಯ್ತವೆ."

"ಎಣದ್ ಮುಂದ್ಕೆ ಒಂದು ಕಡ್ಡೀನೂ ಬ್ಯಾಡ್ವೇನಪ್ಪ?"

"ಅವ್ಳಿದ್ದಿದ್ರೆ ಮೊದ್ಲು ಅವ್ಳೇ ಕಿತ್ತೆಸೀತಿದ್ಲು."

ನಾನು ಕಟ್ಟನ್ನು ಜೇಬಿಗೆ ಹಾಕಿಕೊಂಡೆ.

ಅಷ್ಟರಲ್ಲಿ ನಯನಾ ಮನೆಯೊಳಗಿಂದ ಬಾಗಿಲಿಗೆ ಬಂದು, "ಅಪ್ಪ, ಎದ್ದವೆ" ಎಂದಳು. ಒಂದು ಗಳಿಗೆ ಎಲ್ಲರ ಕಣ್ಣೂ ಮರದ ಬುಡಕ್ಕೆ ಹೊರಳಿತು. ಹುಳುಗಳು ಜ್ವರದಿಂದ ಎದ್ದಿದ್ದವು. ಎದ್ದ ಹುಳುವಿಗೆ ಮೇವು ತಡವಾಗಬಾರದು. ಗಂಡಸರು ಗಂಗಾಂಬಿಕೆಯನ್ನು ಹೊತ್ತು ಹಿಪ್ಪುನೇರಳೆ ತೋಟದ ಮೂಲೆಗೆ ನಡೆದರು. ಹೆಂಗಸರು ಅದೇ ತೋಟದ ಇನ್ನೊಂದು ಕಡೆ ಅಳುತ್ತಲೇ ಸೊಪ್ಪು ಕೊಯ್ದರು. ಮಣ್ಣು ಮಾಡಿ ವಾಪಸು ಬಂದಾಗ ಮನೆಯೊಳಗೆ ಹುಳು ಸೊಪ್ಪು ಮೇಯುವ ಸದ್ದು ಜಡಿಮಳೆಯ ಹಾಗೆ ಕೇಳುತ್ತಿತ್ತು. ಆ ವರ್ಷ ಕುದೇರಿನವರು ಕೇಳಿದ ಭರಣಿ ಮಳೆ ಅದೊಂದೇ.

ಹೊರಡುವಾಗ ಗುರುಪಾದಸ್ವಾಮಿ ನನ್ನ ತೋಳು ಹಿಡಿದುಕೊಂಡ. "ಯಾರ್ಗೆ ಜ್ವರ ಅಂತ ಕೇಳ್ನೇ ಇಲ್ಲ ಕಣಣ್ಣ ನಾನು." ಸಮಾಧಿಯ ಮುಂದಾದರೂ ಕಡ್ಡಿ ಹಚ್ಚುತ್ತೇನೆ ಎಂದೆ. "ತೋಟ್ದಲ್ಲೂ ಬ್ಯಾಡ, ಸೊಪ್ಪಿಗೆ ಹೊಗೆ ಕೂರ್ತದೆ. ಈ ಬೆಳೆ ಮುಗೀಲಿ, ಅಚ್ಚನ," ಎಂದ.

ಆ ಬೆಳೆಯ ಗೂಡು ಬಿಳಿಯಾಗಿ, ಗಟ್ಟಿಯಾಗಿ ಬಂತು. ಅದು ಮುಗಿಯುವಷ್ಟರಲ್ಲಿ ಇನ್ನೊಂದು ಬೆಳೆ ಹಿಡಿದಿದ್ದ. ಆಮೇಲೆ ಮತ್ತೊಂದು. ಬೇಸಿಗೆ ಬಂದರೆ ಈಗಲೂ ಹುಳು ಹೆಂಚಿನ ಮನೆಗೆ ಹೋಗುತ್ತದೆ, ಅವನೊಬ್ಬನೇ ಶೆಡ್ಡಿಗೆ ಬರುತ್ತಾನೆ. ತಾಟು ನನ್ನಲ್ಲೇ ಕೊಳ್ಳುತ್ತಾನೆ. ಕೊಸರು ಕೇಳುವುದಿಲ್ಲ, ನಾನೇ ಒಂದು ಗೇಣು ಬಿಟ್ಟು ಕತ್ತರಿಸುತ್ತೇನೆ.

ಕಟ್ಟು ಗಲ್ಲಾಪೆಟ್ಟಿಗೆಯಲ್ಲಿ ಹಾಗೇ ಇದೆ. ಗಂಗಾಂಬಿಕೆಗೆ ನಾನು ಒಂದು ಕಟ್ಟು ಊದುಗಡ್ಡಿ ಬಾಕಿ, ಅದರ ಮೇಲೆ ಅವತ್ತಿನ ಕೊಸರು ಬಾಕಿ.