ಹುಬ್ಬಿನ ಗೀರು

ಮಂಡೆಕೋಲಿನ ದೊಡ್ಡಮ್ಮನ ಮನೆ ಜಗಲಿಯಲ್ಲಿ ಆ ದಿನ ನಾಲ್ಕು ಜನ ಇದ್ದೆವು. ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತ ದೊಡ್ಡಮ್ಮ, ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದ ಅವರ ಸೊಸೆ, ಬಾಳೆಗೊನೆ ಕೇಳಲು ಬಂದು ಅಲ್ಲೇ ಕುಳಿತುಬಿಟ್ಟ ನೆರೆಮನೆಯ ಬ್ಯಾರಿ ವ್ಯಾಪಾರಿ, ಮತ್ತೆ ತೊಡೆಯ ಮೇಲೆ ಹಲಗೆ ಇಟ್ಟುಕೊಂಡ ಸವಣೂರಿನ ಡ್ರಾಯಿಂಗ್ ಮಾಸ್ಟರಾದ ನಾನು.

ಬರೆಯಬೇಕಾದದ್ದು ನನ್ನ ಅಮ್ಮನನ್ನು. ನನಗೆ ಎರಡು ವರ್ಷವಾಗುವಾಗ ತೀರಿಕೊಂಡವಳು. ಒಂದು ಫೋಟೋ ಕೂಡ ಇಲ್ಲ. ವರ್ಷಕ್ಕೊಮ್ಮೆ ಆ ಮನೆಯಲ್ಲಿ ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವಾಗ ಎಲ್ಲರ ಪಟ ಸಾಲಾಗಿ ನಿಲ್ಲುತ್ತಿತ್ತು, ಅಮ್ಮನ ಎಲೆಯ ಹಿಂದೆ ಬರೀ ಗೋಡೆ. ಅಕ್ಕ ತಂಗಿಯರದು ಒಂದೇ ಮುಖವಂತೆ. ಹಾಗಾಗಿ ತಂಗಿಯ ಪಟಕ್ಕೆ ಅಕ್ಕ ಕುಳಿತದ್ದು.

"ಮಾಸ್ಟ್ರೆ, ದೊಡ್ಡ ಕಾಗದ ತರ್ಬೇಕಿತ್ತು. ಆ ಮೂಗು ಹಿಡಿಯುದಿಲ್ಲ," ಎಂದರು ನೆರೆಯವರು.

"ನಿಮ್ಮ ಹೊಟ್ಟೆ ಬರಿಲಿಕ್ಕೆ ಗೋಡೆಯೇ ಬೇಕಾದೀತು ಸಾಹುಕಾರ್ರೆ," ಎಂದ ದೊಡ್ಡಮ್ಮ ನನ್ನ ಕಡೆ ತಿರುಗಿದರು. "ಅವಳಿಗೆ ಎಡ ಹುಬ್ಬಿನಲ್ಲಿ ಒಂದು ಗೀರು ಉಂಟು ಮಗಾ. ಅದು ಹಾಕು."

"ಅದೆಂತಕ್ಕೆ ದೊಡ್ಡಮ್ಮ? ಚಂದ ಹಾಳಾಗ್ತದೆ."

"ಅದಿಲ್ಲದೆ ಅವಳು ಹೇಗಾಗುದು?"

ನಾನು ನಕ್ಕು, ನರೆ ತೆಗೆದು, ಕೆನ್ನೆ ತುಂಬಿಸಿ, ಹುಬ್ಬನ್ನು ಬಿಲ್ಲಿನ ಹಾಗೆ ತಿದ್ದಿದೆ. ಪುತ್ತೂರಿನಲ್ಲಿ ಗಾಜು ಹಾಕಿಸಿ ತಂದುಕೊಟ್ಟಾಗ ಎಲ್ಲರೂ ಹೊಗಳಿದರು. ದೊಡ್ಡಮ್ಮ "ಚಂದ ಉಂಟು" ಎಂದರು, ಅಷ್ಟೆ.

ಮರುವರ್ಷ ಬಡಿಸುವ ದಿನ ಹೋದಾಗ ಪಟದ ಗಾಜಿನ ಮೇಲೆ ಕಪ್ಪು ಗೆರೆಯೊಂದು ಕಂಡಿತು. ದೀಪದ ಮಸಿ ಇರಬೇಕೆಂದು ಪಂಚೆಯ ತುದಿಯಿಂದ ಒರೆಸಿಬಿಟ್ಟೆ. ತಿರುಗಿದರೆ ಬಾಗಿಲಲ್ಲಿ ದೊಡ್ಡಮ್ಮ, ಕೈಯಲ್ಲಿ ಪಾಯಸದ ಪಾತ್ರೆ. ಊಟವಾದ ಮೇಲೆ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ ಹೇಳಿದರು: "ಸಣ್ಣದಿರುವಾಗ ಅವಳ ಮೇಲೆ ಕರಟ ಬಿಸಾಡಿದ್ದು ನಾನು. ಹುಬ್ಬು ಒಡೆದು ರಕ್ತ ಇಳಿತಾ ಇತ್ತು. ಅಪ್ಪ ಕೇಳಿದ್ರೆ 'ಬಿದ್ದೆ' ಅಂದ್ಲು ಅವಳು. ಸಾಯುವವರೆಗೂ ಯಾರತ್ರವೂ ಬಾಯಿ ಬಿಡ್ಲಿಲ್ಲ. ಇವತ್ತು ಬೆಳಿಗ್ಗೆ ದೀಪದ ಮಸಿ ಮುಟ್ಟಿ ಗಾಜಿನಲ್ಲಿ ಆ ಗೀರು ನಾನೇ ಎಳೆದದ್ದು."

"ಬರುವ ತಿಂಗಳು ಬಣ್ಣ ತರ್ತೇನೆ, ಸರಿ ಮಾಡಿ ಕೊಡ್ತೇನೆ," ಎಂದೆ. ಬರುವ ತಿಂಗಳು ಶಾಲೆಯ ಪ್ರತಿಭಾ ಕಾರಂಜಿ, ಅದರ ಮುಂದಿನ ತಿಂಗಳು ಪರೀಕ್ಷೆ. ಸವಣೂರಿನಿಂದ ಮಂಡೆಕೋಲು ಏನು ಕಾಶಿಯಲ್ಲ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದು. ಆದರೂ ಹೋಗಲಿಲ್ಲ. ಫೋನಿನಲ್ಲಿ ದೊಡ್ಡಮ್ಮ ಎರಡು ಸಲ "ಬಣ್ಣ ಸಿಕ್ಕಿತಾ?" ಎಂದು ಕೇಳಿದರು. ಮೂರನೆಯ ಸಲ ಸೊಸೆಯ ಫೋನು ಬಂತು.

ದೊಡ್ಡಮ್ಮನ ಉತ್ತರಕ್ರಿಯೆಯ ದಿನ ಬಣ್ಣ ತೆಗೆದುಕೊಂಡು ಹೋದೆ. ಸೊಸೆ ಪಟಗಳನ್ನೆಲ್ಲ ಸಾಬೂನು ಹಾಕಿ ತಿಕ್ಕಿಟ್ಟಿದ್ದರು, ಗಾಜಿನಲ್ಲಿ ಮಸಿಯ ಗುರುತೂ ಉಳಿದಿರಲಿಲ್ಲ. ನಾನು ಗಾಜು ಬಿಚ್ಚಿ, ಎಡ ಹುಬ್ಬಿನ ನಡುವೆ ಅಂದಾಜಿಗೆ ಒಂದು ಗೀರು ಎಳೆದೆ.

"ಅಲ್ಲಿಯೇ ಇದ್ದದ್ದಾ ಮಾಸ್ಟ್ರೆ?" ನೆರೆಯವರು ಬಗ್ಗಿ ನೋಡಿ ಕೇಳಿದರು.

ಗೊತ್ತಿಲ್ಲ ಎಂದೆ. ಗಾಜು ಹಾಕಿ ಪಟವನ್ನು ಅದರ ಎಲೆಯ ಹಿಂದೆ ನಿಲ್ಲಿಸಿದೆವು.